ಕರಡು ಎಂದು ಗುರುತು ಹಾಕಿದ್ದರೂ ಸುದ್ದಿ ಹೊರಬಿದ್ದದ್ದೇಕೆ?

ಪ್ರಶ್ನೆ: ನಮ್ಮದು ಸಣ್ಣ ತಂಡ. ವಿಜಯಪುರದ ಒಂದು ದಿನಪತ್ರಿಕೆಯ ವೆಬ್ ಆವೃತ್ತಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಇಂಡಿ, ಸಿಂದಗಿ, ಜಮಖಂಡಿ, ಇಳಕಲ್, ಅಥಣಿಯ ವರದಿಗಾರರು ಮೊಬೈಲ್ ಆ್ಯಪ್‌ನಿಂದ ಸುದ್ದಿ ಕಳಿಸುತ್ತಾರೆ, ಅದು ಆ್ಯಟಮ್ (ಟ್ಯಾಗ್‌ಗಳಲ್ಲಿ ಬರೆದು ಸುದ್ದಿ ಹಂಚುವ ಎಕ್ಸ್‌ಎಮ್‌ಎಲ್ ಸ್ವರೂಪ) ಎಂಟ್ರಿಯಾಗಿ, ಅಂದರೆ ಒಂದು ಸುದ್ದಿಯ ದಾಖಲೆಯಾಗಿ, ನಮ್ಮ ಸರ್ವರ್‌ಗೆ ಪೋಸ್ಟ್ ಆಗುತ್ತದೆ. ಸುದ್ದಿಯ ಜೊತೆ ಐದು ಸೂಚನೆ ಹೋಗಬೇಕು: ಇದು ಕರಡು, ಬೆಳಿಗ್ಗೆ 6ರವರೆಗೆ ತಡೆಹಿಡಿಯಿರಿ, ಯಾವ ಜಿಲ್ಲೆಯ ಪುಟಕ್ಕೆ, ಓದುಗರ ಪ್ರತಿಕ್ರಿಯೆ ಬೇಡ, ಎಷ್ಟು ತುರ್ತು. ಇವನ್ನು ಎಂಟ್ರಿಯ ಒಳಗೇ ಇಡಬೇಕೆಂದು ನನ್ನ ವಾದ. ಎಚ್‌ಟಿಟಿಪಿ ಹೆಡರ್‌ನಲ್ಲಿ (ರವಾನೆಯ ಮೇಲಿನ ಲಕೋಟೆಯಂಥ ಭಾಗ) ಇಡೋಣ, ಅಲ್ಲಾದರೆ ಭದ್ರ ಎಂದು ಒಬ್ಬರು. ಯುಆರ್‌ಎಲ್ ಕೊನೆಗೆ ಸೇರಿಸಿದರೆ ಮುಗಿಯಿತು ಎಂದು ಇನ್ನೊಬ್ಬರು. ಈ ನಡುವೆ ಮೂರು ಯಡವಟ್ಟು ಆಗಿವೆ. ಕರಡು ಎಂದು ಗುರುತು ಹಾಕಿದ ಸುದ್ದಿ ನೇರ ಪ್ರಕಟವಾಯಿತು. ತಡೆಹಿಡಿದ ಸುದ್ದಿಯೊಂದರ ಫೋಟೋ ರಾತ್ರಿಯೇ ಹೊರಬಿತ್ತು. ನಮ್ಮ ಫೀಡ್ (ಹೊಸ ಸುದ್ದಿಗಳ ಪಟ್ಟಿ) ತೆಗೆದುಕೊಳ್ಳುವ ಇನ್ನೊಂದು ಸೈಟಿನಲ್ಲಿ ಸುದ್ದಿಯ ಮೊದಲ ಸಾಲಿನಲ್ಲೇ ‘ತುರ್ತು 1’ ಎಂದು ಓದುಗರಿಗೆ ಕಾಣಿಸಿತು. ಮಾದರಿ ಎಂಟ್ರಿ ಲಗತ್ತಿಸಿದ್ದೇನೆ. ಸರಿಯಾದ ಜಾಗ ಯಾವುದು?

ಉತ್ತರ: ಮೊದಲು ಮೂರು ಯಡವಟ್ಟುಗಳನ್ನು ಬಿಡಿಸೋಣ. ಜಾಗದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

‘ತುರ್ತು 1’ ಕಾಣಿಸಿಕೊಂಡದ್ದಕ್ಕೆ ಆ ಸೈಟಿನವರನ್ನು ದೂರಬೇಡಿ, ಅವರ ಸಾಫ್ಟ್‌ವೇರ್ ನಿಯಮದ ಪ್ರಕಾರವೇ ನಡೆದುಕೊಂಡಿದೆ. ನಿಮ್ಮ ಮಾದರಿಯಲ್ಲಿ ತುರ್ತು ಎಂಬ ನಿಮ್ಮದೇ ಟ್ಯಾಗ್ ಕಂಟೆಂಟ್ ಟ್ಯಾಗಿನ ಒಳಗೆ, ಸುದ್ದಿಯ ಮೊದಲ ಪ್ಯಾರಾಕ್ಕಿಂತ ಮೇಲೆ ಕೂತಿದೆ. ಆ್ಯಟಮ್ ಸ್ವರೂಪವನ್ನು ನಿಗದಿ ಮಾಡಿದ ಆರ್‌ಎಫ್‌ಸಿ 4287, ಅಂದರೆ 2005ರ ಡಿಸೆಂಬರ್‌ನ ಇಂಟರ್ನೆಟ್ ನಿಯಮ ದಾಖಲೆ, ಪರಕೀಯ, ಅಂದರೆ ಆ್ಯಟಮ್‌ನದಲ್ಲದ, ಟ್ಯಾಗ್‌ಗಳ ಬಗ್ಗೆ ಎರಡು ಬೇರೆ ಬೇರೆ ಮಾತು ಹೇಳುತ್ತದೆ. ಎಂಟ್ರಿಯ ನೇರ ಮಗುವಾಗಿ ಗೊತ್ತಿಲ್ಲದ ಟ್ಯಾಗ್ ಬಂದರೆ ಅದನ್ನೂ ಅದರೊಳಗಿನ ಅಕ್ಷರಗಳನ್ನೂ ದಾಟಿಕೊಂಡು ಹೋಗಬಹುದು, ಅದು ಅಲ್ಲಿದೆ ಎಂಬ ಕಾರಣಕ್ಕೆ ನಡವಳಿಕೆ ಬದಲಾಗಕೂಡದು. ಆದರೆ ಶೀರ್ಷಿಕೆ, ಸಾರಾಂಶ, ಕಂಟೆಂಟ್‌ಗಳ ಒಳಗೆ ಗೊತ್ತಿಲ್ಲದ ಟ್ಯಾಗ್ ಬಂದರೆ ಟ್ಯಾಗನ್ನು ಮಾತ್ರ ಬಿಟ್ಟು, ಒಳಗಿನ ಅಕ್ಷರಗಳನ್ನು ಮಾಮೂಲಿ ಪಠ್ಯ ಎಂದೇ ಓದಬೇಕು. ಹಾಗೇ ಓದಿದ್ದಾರೆ. ಅಚ್ಚಿನ ಕಾಲದಲ್ಲಿ ಉಪಸಂಪಾದಕ ಅಂಚಿನಲ್ಲಿ ಗೀಚಿದ ‘ಒಳಪುಟಕ್ಕೆ’ ಎಂಬ ಟಿಪ್ಪಣಿಯನ್ನು ಮೊಳೆ ಜೋಡಿಸುವವನು ಸುದ್ದಿಯೊಳಗೇ ಜೋಡಿಸಿಬಿಟ್ಟಂತೆ ಇದು.

ಕರಡು ಪ್ರಕಟವಾದದ್ದಕ್ಕೆ ಕಾರಣ ಇನ್ನೂ ಸಣ್ಣದು, ಹುಡುಕಲು ಇನ್ನೂ ಕಷ್ಟ. ಎಂಟ್ರಿಗಳನ್ನು ಕಳಿಸುವ, ತಿದ್ದುವ ನಿಯಮಾವಳಿಯಾದ ಆ್ಯಟಮ್ ಪಬ್ಲಿಷಿಂಗ್ ಪ್ರೋಟೋಕಾಲ್ 2007ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 5023 ಆಗಿ ಹೊರಬಂತು. ಅದರಲ್ಲಿ ಕರಡು ಸೂಚನೆಗೆಂದೇ ಜಾಗ ಇದೆ: ಎಂಟ್ರಿಯ ನೇರ ಮಗುವಾಗಿ ಕಂಟ್ರೋಲ್ ಎಂಬ ಟ್ಯಾಗ್, ಅದರೊಳಗೆ ಡ್ರಾಫ್ಟ್ ಎಂಬ ಟ್ಯಾಗ್, ಅದರ ಬೆಲೆ (ಒಳಗೆ ಬರೆಯುವ ಪದ) ‘ಯೆಸ್’ ಅಥವಾ ‘ನೋ’. ಎರಡೂ ಪ್ರೋಟೋಕಾಲಿನ ಸ್ವಂತ ನೇಮ್‌ಸ್ಪೇಸ್‌ಗೆ, ಅಂದರೆ ಟ್ಯಾಗ್ ಯಾರದು ಎಂದು ಹೇಳುವ ವಿಳಾಸಕ್ಕೆ, ಸೇರಿದವು. ಆ ನೇಮ್‌ಸ್ಪೇಸ್ ಡಬ್ಲ್ಯೂ3 ವಿಳಾಸದಡಿ 2007 ಎಂಬ ಇಸವಿ ಹೊತ್ತುಕೊಂಡಿದೆ. ಅದಕ್ಕೂ ಮುಂಚಿನ ಕರಡು ನಿಯಮಗಳಲ್ಲಿ ಪರ್ಲ್ ಎಂಬ ಬೇರೆಯೇ ವಿಳಾಸ ಇತ್ತು. ಆ ಕಾಲದ ಉದಾಹರಣೆಗಳು ಇವತ್ತಿಗೂ ಅಲ್ಲಲ್ಲಿ ಉಳಿದಿವೆ, ನಿಮ್ಮ ಆ್ಯಪ್ ಬರೆದವರು ಅಂಥದ್ದೊಂದನ್ನು ನಕಲು ಮಾಡಿದ್ದಾರೆ. ಎಕ್ಸ್‌ಎಮ್‌ಎಲ್ ಪಾರ್ಸರ್ ನೇಮ್‌ಸ್ಪೇಸನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಟ್ಯಾಗಿನ ಮುಂದಿನ ಚಿಕ್ಕ ಹೆಸರು ಒಂದೇ ಇದ್ದರೂ ವಿಳಾಸ ಬೇರೆಯಾದರೆ ಸರ್ವರ್ ಕಣ್ಣಿಗೆ ಅದು ಪರಕೀಯ ಟ್ಯಾಗ್. ಪರಕೀಯ ಟ್ಯಾಗ್ ಕಂಡರೆ ದೋಷ ಸಾರಬಾರದು ಎಂದು ನಿಯಮ. ಡ್ರಾಫ್ಟ್ ಟ್ಯಾಗ್ ಇಲ್ಲದಿದ್ದರೆ ‘ನೋ’ ಎಂದೇ ತಿಳಿಯಬೇಕು ಎಂಬುದೂ ನಿಯಮ. ಎರಡನ್ನು ಕೂಡಿಸಿ ನೋಡಿ: ದೋಷದ ಸಂದೇಶ ಬರಲಿಲ್ಲ, 201 ಎಂಬ ಯಶಸ್ಸಿನ ಉತ್ತರ ಬಂತು, ಸುದ್ದಿ ಪ್ರಕಟವಾಯಿತು. ಎಲ್ಲರೂ ಕಾಯ್ದೆ ಪಾಲಿಸಿದ್ದಾರೆ, ಫಲ ಮಾತ್ರ ತಲೆಕೆಳಗು.

ಫೋಟೋ ಹೊರಬಿದ್ದದ್ದು ಪ್ರೋಟೋಕಾಲಿನ ರಚನೆಯಲ್ಲೇ ಇರುವ ತೊಡಕಿನಿಂದ. ಫೋಟೋ ಕಳಿಸುವಾಗ ಪೋಸ್ಟ್‌ನ ಒಡಲಿನಲ್ಲಿ ಜೆಪೆಗ್ ಬೈಟ್‌ಗಳಷ್ಟೇ ಇರುತ್ತವೆ, ಕಂಟ್ರೋಲ್ ಟ್ಯಾಗ್ ಇಡಲು ಎಕ್ಸ್‌ಎಮ್‌ಎಲ್ಲೇ ಅಲ್ಲಿಲ್ಲ. ಸರ್ವರ್ ಚಿತ್ರವನ್ನು ಉಳಿಸಿಕೊಂಡು, ಅದನ್ನು ವಿವರಿಸುವ ಮೀಡಿಯಾ ಲಿಂಕ್ ಎಂಟ್ರಿಯನ್ನು ತಾನೇ ಹುಟ್ಟಿಸುತ್ತದೆ. ನೀವು ಕರಡು ಸೂಚನೆ ಹಾಕಬಹುದಾದದ್ದು ಆ ಎಂಟ್ರಿಯನ್ನು ಪಡೆದು, ತಿದ್ದಿ, ಪುಟ್ ಮಾಡುವಾಗ, ಅಂದರೆ ತಿದ್ದಿದ ಪ್ರತಿಯನ್ನು ಸರ್ವರ್‌ಗೆ ವಾಪಸ್ ಕಳಿಸುವಾಗ. ನಡುವಿನ ಹೊತ್ತಿನಲ್ಲಿ ಫೋಟೋ ಬಯಲಲ್ಲೇ ಇರುತ್ತದೆ. ಸಿಂದಗಿಯಲ್ಲಿ ನಿಂತ ವರದಿಗಾರನ ನೆಟ್‌ವರ್ಕ್ ಎರಡನೇ ಹೆಜ್ಜೆಗೆ ಮುಂಚೆ ಹೋಯಿತೆಂದರೆ ಬೆಳಗಿನವರೆಗೂ ಹಾಗೇ ಇರುತ್ತದೆ. ಇದನ್ನು ಆ್ಯಪ್ ಕಡೆಯಿಂದ ಸರಿಪಡಿಸಲಾಗದು. ಹೊಸದಾಗಿ ಬಂದ ಯಾವ ಚಿತ್ರವೂ ಅದನ್ನು ಬಳಸುವ ಸುದ್ದಿ ಪ್ರಕಟವಾಗುವ ತನಕ ಲಾಗಿನ್ ಇಲ್ಲದವರಿಗೆ ಸಿಗಕೂಡದು ಎಂದು ಸರ್ವರ್‌ನಲ್ಲೇ ಕಟ್ಟಬೇಕು. ಸುದ್ದಿಯ ಸ್ಥಿತಿಯನ್ನು ಚಿತ್ರ ಅನುಸರಿಸಬೇಕು, ಚಿತ್ರಕ್ಕೆ ತನ್ನದೇ ಸ್ಥಿತಿ ಬೇಡ.

ಇಷ್ಟು ನೋಡಿದ ಮೇಲೆ ಜಾಗದ ಪ್ರಶ್ನೆಗೆ ಬರೋಣ. ಒಳಗೋ ಹೊರಗೋ ಎಂದು ಕೇಳಿದರೆ ವಾದ ಮುಗಿಯುವುದಿಲ್ಲ. ಪ್ರತಿ ಸೂಚನೆಗೂ ಎರಡು ಪ್ರಶ್ನೆ ಹಾಕಿ: ಇದನ್ನು ಪಾಲಿಸಬೇಕಾದವರು ಯಾರು? ಅವರಿಗೆ ಇದು ಅರ್ಥವಾಗದೇ ಹೋದರೆ ಏನು ಕೆಡುತ್ತದೆ? ಎರಡನೆಯದೇ ಮುಖ್ಯ. ಏಕೆಂದರೆ ಆ್ಯಟಮ್, ಎಚ್‌ಟಿಟಿಪಿ ಎರಡೂ ಅರ್ಥವಾಗದ್ದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುವ ಸ್ವಭಾವದವು. ಸೋಪ್ ಎಂಬ ಇನ್ನೊಂದು ಸಂದೇಶ ಪ್ರೋಟೋಕಾಲ್ ಹಾಗಲ್ಲ. ಅದರ ಹೆಡರ್ ಭಾಗದಲ್ಲಿ ಒಂದು ಸೂಚನೆಗೆ ‘ಮಸ್ಟ್ ಅಂಡರ್‌ಸ್ಟ್ಯಾಂಡ್’ ಎಂಬ ಗುರುತು ಹಚ್ಚಿದರೆ, ಅರ್ಥವಾಗದ ಸರ್ವರ್ ಇಡೀ ಸಂದೇಶವನ್ನೇ ತಿರಸ್ಕರಿಸಬೇಕು. ಆ ಒಂದು ವಿಷಯದಲ್ಲಿ ಸೋಪ್ ಜಾಣತನ ತೋರಿಸಿದೆ, ಉಳಿದದ್ದರ ಮಾತು ಬೇಡ. ನೀವು ಆರಿಸಿಕೊಂಡ ಪ್ರೋಟೋಕಾಲಿನಲ್ಲಿ ಆ ಗುರುತು ಇಲ್ಲವಾದ್ದರಿಂದ, ಅರ್ಥವಾಗದಿದ್ದರೂ ಅನಾಹುತ ಆಗದಂತೆ ನೀವೇ ಜೋಡಿಸಿಕೊಳ್ಳಬೇಕು.

ತಂಡದಲ್ಲಿ ಓಡಾಡುತ್ತಿರುವ ಕೆಲವು ನಂಬಿಕೆಗಳನ್ನು ಮೊದಲು ತೆಗೆದುಹಾಕಿ. ಹೆಡರ್‌ನಲ್ಲಿ ಇಟ್ಟರೆ ಭದ್ರ ಎನ್ನುವುದು ಸುಳ್ಳು. ಎಚ್‌ಟಿಟಿಪಿಎಸ್‌ನಲ್ಲಿ ಹೆಡರ್ ಮತ್ತು ಒಡಲು ಎರಡೂ ಒಂದೇ ಗೂಢಲಿಪಿಯಲ್ಲಿ ಹೋಗುತ್ತವೆ, ಒಂದಕ್ಕೆ ಹೆಚ್ಚಿನ ರಕ್ಷಣೆ ಇಲ್ಲ. ನಮ್ಮ ಟ್ಯಾಗ್ ಸೇರಿಸಿದರೆ ಎಂಟ್ರಿ ಕಲಬೆರಕೆಯಾಗಿ ಬೇರೆಯವರ ಸಾಫ್ಟ್‌ವೇರ್ ಕೆಡುತ್ತದೆ ಎನ್ನುವುದೂ ಸುಳ್ಳು. ಕಂಟ್ರೋಲ್ ಟ್ಯಾಗಿನೊಳಗೆ ನಿಮ್ಮ ಸ್ವಂತ ವಿಸ್ತರಣೆ ಇಡಲು ಆರ್‌ಎಫ್‌ಸಿ 5023 ಬಾಗಿಲು ತೆರೆದೇ ಇಟ್ಟಿದೆ. ಷರತ್ತು ಎಂದರೆ ಒಂದು ಎಂಟ್ರಿಗೆ ಕಂಟ್ರೋಲ್ ಒಂದೇ, ಅದರೊಳಗೆ ಡ್ರಾಫ್ಟ್ ಹೆಚ್ಚೆಂದರೆ ಒಂದು, ನಿಮ್ಮ ಟ್ಯಾಗ್‌ಗಳು ನಿಮ್ಮದೇ ಡೊಮೈನ್ ಹೆಸರಿನ ನೇಮ್‌ಸ್ಪೇಸ್‌ನಲ್ಲಿ ಇರಬೇಕು. ಮೂರನೆಯ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು: ಡ್ರಾಫ್ಟ್ ‘ಯೆಸ್’ ಎಂದಮೇಲೆ ಸರ್ವರ್ ಪಾಲಿಸಲೇಬೇಕು ಎನ್ನುವುದು. ಇಲ್ಲ. ಅದು ಕ್ಲೈಂಟ್‌ನ ಕೋರಿಕೆ ಮಾತ್ರ, ಸರ್ವರ್ ಅದನ್ನು ಕಡೆಗಣಿಸಬಹುದು ಎಂದು ದಾಖಲೆಯಲ್ಲೇ ಬರೆದಿದೆ. ಬೇರೆಯವರ ಸರ್ವರ್‌ಗೆ ಕಳಿಸುವಾಗ ಇದನ್ನು ಮರೆಯಬೇಡಿ.

ಈಗ ಒಂದೊಂದು ಜಾಗವನ್ನೂ ತೂಗಿ ನೋಡೋಣ. ಯುಆರ್‌ಎಲ್ ಕೊನೆಗೆ ‘ಕರಡು ಹೌದು’ ಎಂದು ಅಂಟಿಸುವುದನ್ನು ಬೇಗ ಬಿಟ್ಟುಬಿಡಬಹುದು. ಸರ್ವರ್‌ಗೆ ಆ ಪ್ಯಾರಾಮೀಟರ್ ಗೊತ್ತಿಲ್ಲದಿದ್ದರೆ ಅದೂ ಸುಮ್ಮನೆ ಬಿಟ್ಟುಹೋಗುತ್ತದೆ. ಮೇಲಾಗಿ ಅದು ಸರ್ವರ್‌ನ ಆ್ಯಕ್ಸೆಸ್ ಲಾಗ್‌ನಲ್ಲಿ ದಾಖಲಾಗಿ ಉಳಿಯುತ್ತದೆ, ಒಂದೇ ಸುದ್ದಿಗೆ ಎರಡು ವಿಳಾಸ ಹುಟ್ಟುತ್ತವೆ.

ಹೆಡರ್‌ನ ತೊಂದರೆ ಬೇರೆ ಥರದ್ದು. ಕಳಿಸುವಾಗ ಹೆಡರ್ ಇಟ್ಟಿರಿ, ಸರ್ವರ್ ಸುದ್ದಿಯನ್ನು ಉಳಿಸಿತು. ಮಾರನೆಯ ದಿನ ಡೆಸ್ಕಿನವರು ಆ ಎಂಟ್ರಿಯನ್ನು ಗೆಟ್ ಮಾಡುತ್ತಾರೆ (ಸರ್ವರ್‌ನಿಂದ ಪಡೆಯುತ್ತಾರೆ), ಕಾಗುಣಿತ ತಿದ್ದುತ್ತಾರೆ, ಪುಟ್ ಮಾಡುತ್ತಾರೆ. ಹೆಡರ್‌ನಲ್ಲಿ ಹೋಗಿದ್ದ ಸ್ಥಿತಿಯನ್ನು ಅವರು ನೋಡುವುದೆಲ್ಲಿ? ಸರ್ವರ್ ಅದನ್ನು ಉತ್ತರದ ಹೆಡರ್‌ನಲ್ಲಿ ವಾಪಸ್ ಕೊಡಬೇಕು, ಡೆಸ್ಕಿನ ಸಾಧನ ಅದನ್ನು ಜೋಪಾನವಾಗಿ ಹಿಡಿದಿಟ್ಟು ಮತ್ತೆ ಕಳಿಸಬೇಕು. ಎಂಟ್ರಿಯನ್ನು ಫೈಲ್ ಆಗಿ ಉಳಿಸಿದ ಕೂಡಲೇ ಹೆಡರ್ ಕಳಚಿ ಬೀಳುತ್ತದೆ. ನಿಮ್ಮ ಆ್ಯಪ್‌ನ ಆಫ್‌ಲೈನ್ ಸಾಲನ್ನೇ ನೋಡಿ: ಸಿಗ್ನಲ್ ಇಲ್ಲದಾಗ ಅದು ಎಕ್ಸ್‌ಎಮ್‌ಎಲ್ ಫೈಲನ್ನು ಫೋನಿನಲ್ಲಿ ಇಟ್ಟುಕೊಂಡು, ಸಿಗ್ನಲ್ ಬಂದಾಗ ಕಳಿಸುತ್ತದೆ ಎಂದು ಬರೆದಿದ್ದೀರಿ. ಹೆಡರ್‌ಗಳನ್ನೂ ಜೊತೆಗೆ ಬರೆದಿಡದಿದ್ದರೆ ಎರಡನೇ ಸಲ ಹೋಗುವ ಸುದ್ದಿ ಬೋಳಾಗಿ ಹೋಗುತ್ತದೆ. ಇನ್ನೊಂದು ಗುಪ್ತ ಬಲೆ ಇದೆ. ನಿಮ್ಮ ಪ್ರೋಗ್ರಾಂ ಮುಂದೆ ಕೂರಿಸುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೂಲ ಸೆಟ್ಟಿಂಗ್‌ನಲ್ಲಿ ಹೆಸರಿನೊಳಗೆ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ಬಿಸಾಡಿಬಿಡುತ್ತದೆ. ನಿಮ್ಮ ಪ್ರೋಗ್ರಾಂ ಲ್ಯಾಪ್‌ಟಾಪ್‌ನಲ್ಲಿ ಸರಿ ನಡೆಯುತ್ತದೆ, ಎಂಜಿನ್‌ಎಕ್ಸ್ ಹಿಂದೆ ಕೂರಿಸಿದ ದಿನ ಸೂಚನೆ ಮಾಯವಾಗುತ್ತದೆ. ಹೈಫನ್ ಬಳಸಿದರೆ ಈ ಕಾಟ ಇಲ್ಲ. ಹೆಸರಿನ ಮುಂದೆ ‘ಎಕ್ಸ್’ ಹಚ್ಚುವ ಹಳೆಯ ರೂಢಿಯನ್ನೂ 2012ರ ಆರ್‌ಎಫ್‌ಸಿ 6648 ಬೇಡ ಎಂದಿದೆ.

ಹಾಗಂತ ಹೆಡರ್ ಕೆಲಸಕ್ಕೆ ಬಾರದ್ದಲ್ಲ. ಆ ಒಂದು ರವಾನೆಗೆ ಮಾತ್ರ ಸಂಬಂಧಿಸಿದ್ದು ಹೆಡರ್‌ನಲ್ಲೇ ಇರಬೇಕು. ಯಾರು ಕಳಿಸಿದರು ಎಂಬ ಗುರುತಿನ ಟೋಕನ್ ಅಂಥದ್ದು. ಒಂದೇ ಸುದ್ದಿ ಎರಡು ಸಲ ಬರದಂತೆ ತಡೆಯುವ ರವಾನೆ ಸಂಖ್ಯೆಯೂ ಅಂಥದ್ದು. ಪೋಸ್ಟ್ ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಆ್ಯಪ್ ಮತ್ತೆ ಕಳಿಸುತ್ತದೆ. ಎಂಟ್ರಿಯ ಐಡಿ ನೋಡಿ ಹಿಡಿಯಬಹುದಲ್ಲ ಎನ್ನಬೇಡಿ, ಪೋಸ್ಟ್ ಆದ ಎಂಟ್ರಿಯ ಐಡಿಯನ್ನು ಬದಲಿಸುವ ಸ್ವಾತಂತ್ರ್ಯ ಸರ್ವರ್‌ಗೆ ಇದೆ. ಹಾಗಾಗಿ ಆ್ಯಪ್ ಪ್ರತಿ ಸುದ್ದಿಗೂ ಒಂದು ರವಾನೆ ಸಂಖ್ಯೆ ಹುಟ್ಟಿಸಿ, ಮರುಪ್ರಯತ್ನದಲ್ಲೂ ಅದೇ ಸಂಖ್ಯೆಯನ್ನು ಹೆಡರ್‌ನಲ್ಲಿ ಕಳಿಸಲಿ, ಸರ್ವರ್ ಕಂಡ ಸಂಖ್ಯೆಯನ್ನು ಮತ್ತೆ ಕಂಡರೆ ಹಳೆಯ ಉತ್ತರವನ್ನೇ ಕೊಡಲಿ. ಈ ಒಂದು ಹೆಡರ್‌ಗಾದರೂ ಆಫ್‌ಲೈನ್ ಸಾಲಿನಲ್ಲಿ ಫೈಲಿನ ಪಕ್ಕ ಜಾಗ ಮಾಡಿಕೊಡಲೇಬೇಕು.

ಸ್ಲಗ್ ಹೆಡರ್ ಕೂಡ ಇದೇ ಜಾತಿ. ವಿಳಾಸದಲ್ಲಿ ಯಾವ ಹೆಸರು ಬರಲಿ ಎಂದು ಹುಟ್ಟುವ ಹೊತ್ತಿನಲ್ಲಿ ಮಾತ್ರ ಹೇಳುವ ಕೋರಿಕೆ ಅದು, ಆಮೇಲೆ ಅದಕ್ಕೆ ಬದುಕಿಲ್ಲ. ಫೋಟೋದ ಜೊತೆ ಹೆಸರು ಕಳಿಸಲು ಅದನ್ನು ಬಿಟ್ಟರೆ ಬೇರೆ ದಾರಿಯೂ ಇಲ್ಲ. ಕನ್ನಡದವರಿಗೆ ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಸ್ಲಗ್‌ನ ಬೆಲೆ ಯುಟಿಎಫ್-8 ಬೈಟ್‌ಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗಿ ಹೋಗಬೇಕು. ಕನ್ನಡದ ಒಂದು ಕೋಡ್ ಪಾಯಿಂಟ್‌ಗೆ (ಒಂದು ಅಕ್ಷರ ಅಥವಾ ಕಾಗುಣಿತ ಚಿಹ್ನೆಗೆ) 3 ಬೈಟ್, ಅಂದರೆ ಹೆಡರ್‌ನಲ್ಲಿ 9 ಅಕ್ಷರ. ‘ಬಾಗಲಕೋಟೆ’ ಎಂಬ ಪದದಲ್ಲಿ ಕಾಗುಣಿತ ಚಿಹ್ನೆಗಳೂ ಸೇರಿ 8 ಕೋಡ್ ಪಾಯಿಂಟ್, 24 ಬೈಟ್, ಹೆಡರ್‌ಗೆ ಹೋದಾಗ 72 ಅಕ್ಷರ. ಇಡೀ ಶೀರ್ಷಿಕೆಯನ್ನು ಸ್ಲಗ್‌ಗೆ ತುರುಕಿದರೆ ಸಾವಿರ ದಾಟುವುದು ಸುಲಭ, ನೇರವಾಗಿ ಕನ್ನಡ ಅಕ್ಷರಗಳನ್ನೇ ಹೆಡರ್‌ಗೆ ಹಾಕಿದರೆ ಕೆಲವು ಲೈಬ್ರರಿಗಳು ದೋಷ ಎಸೆಯುತ್ತವೆ, ಕೆಲವು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಳಿಸುತ್ತವೆ. ಮೂರು ನಾಲ್ಕು ಪದ ಸಾಕು.

ಉಳಿದದ್ದು ಎಂಟ್ರಿಯ ಒಳಗಿನ ಕಂಟ್ರೋಲ್ ಟ್ಯಾಗ್. ಸುದ್ದಿಯ ಸ್ಥಿತಿಗೆ ನನ್ನ ಮತವೂ ಅದಕ್ಕೇ. ಹೆಡರ್ ಬೇಕೆನ್ನುವ ನಿಮ್ಮ ಸಹೋದ್ಯೋಗಿ ಹೇಳುವುದರಲ್ಲಿ ಒಂದು ಹುರುಳಿದೆ, ಪ್ರಕಟಿಸುವ ಅಪ್ಪಣೆ ಬೇರೆ, ಸುದ್ದಿ ಬೇರೆ. ಎಕ್ಸ್‌ಎಮ್‌ಎಲ್-ಆರ್‌ಪಿಸಿ ಮೇಲೆ ನಡೆಯುತ್ತಿದ್ದ ಮೆಟಾವೆಬ್‌ಲಾಗ್ ಎಂಬ ಹಳೆಯ ಬ್ಲಾಗ್ ಪದ್ಧತಿಯಲ್ಲಿ ಹೊಸ ಬರಹ ಕಳಿಸುವ ಕರೆಗೆ ಬರಹದ ರಚನೆ ಒಂದು ಪ್ಯಾರಾಮೀಟರ್, ಪ್ರಕಟಿಸು ಎಂಬ ಬೂಲಿಯನ್ (ಹೌದು ಅಥವಾ ಅಲ್ಲ) ಅದರ ಹೊರಗೆ ಐದನೆಯ ಪ್ಯಾರಾಮೀಟರ್. ಪ್ರತ್ಯೇಕತೆ ಚೆನ್ನಾಗಿತ್ತು, ಆದರೆ ಯೂಸರ್ ಹೆಸರು, ಪಾಸ್‌ವರ್ಡ್‌ಗಳೂ ಅದೇ ಸಾಲಿನಲ್ಲಿ ಎಕ್ಸ್‌ಎಮ್‌ಎಲ್ ಒಳಗೇ ಹೋಗುತ್ತಿದ್ದವು. ಆ್ಯಟಮ್‌ನವರು ಗುರುತನ್ನು ಹೆಡರ್‌ಗೆ ತಳ್ಳಿ, ಸ್ಥಿತಿಯನ್ನು ಎಂಟ್ರಿಯೊಳಗೆ ಎಳೆದುಕೊಂಡರು. ಗೆಟ್, ತಿದ್ದು, ಪುಟ್ ಎಂಬ ಸುತ್ತು ಒಂದೇ ದಾಖಲೆಯಲ್ಲಿ ಮುಗಿಯಬೇಕೆಂದರೆ ಅದೇ ಸರಿ.

ಆದರೆ ಈ ಸುತ್ತಿನಲ್ಲೇ ಇನ್ನೊಂದು ಹೊಂಡ ಇದೆ, ನೀವು ಇನ್ನೂ ಅದಕ್ಕೆ ಬಿದ್ದಿಲ್ಲ ಅಷ್ಟೆ. ಪುಟ್ ಎಂದರೆ ಇಡೀ ಎಂಟ್ರಿಯ ಬದಲಾವಣೆ. ಡೆಸ್ಕಿನಲ್ಲಿ ಯಾರೋ ಹಳೆಯ ಎಡಿಟರ್‌ನಲ್ಲಿ ಕರಡನ್ನು ತೆರೆಯುತ್ತಾರೆ. ಆ ಎಡಿಟರ್‌ಗೆ ಕಂಟ್ರೋಲ್ ಟ್ಯಾಗ್ ಗೊತ್ತಿಲ್ಲ, ಉಳಿಸುವಾಗ ಅದನ್ನು ಬಿಟ್ಟುಬಿಡುತ್ತದೆ. ಡ್ರಾಫ್ಟ್ ಇಲ್ಲದಿದ್ದರೆ ‘ನೋ’ ಎಂದು ತಿಳಿಯುವ ಸರ್ವರ್ ಸುದ್ದಿಯನ್ನು ಪ್ರಕಟಿಸುತ್ತದೆ. ಒಂದು ಒತ್ತಕ್ಷರ ತಿದ್ದಲು ಹೋಗಿ ಸುದ್ದಿ ಹೊರಗೆ! ಬೇಕೆಂದೇ ಬದಲಿಸದ ಯಾವುದನ್ನೂ, ಗೊತ್ತಿಲ್ಲದ ಪರಕೀಯ ಟ್ಯಾಗ್‌ಗಳನ್ನೂ ಸೇರಿಸಿ, ಕ್ಲೈಂಟ್ ಹಾಗೇ ಉಳಿಸಿಕೊಳ್ಳಬೇಕು ಎಂದು ಆರ್‌ಎಫ್‌ಸಿ ಹೇಳುತ್ತದೆ, ಎಲ್ಲ ಎಡಿಟರ್‌ಗಳೂ ಕೇಳುವುದಿಲ್ಲ. ಸರ್ವರ್‌ನಲ್ಲಿ ಹೀಗೆ ಬರೆಯಿರಿ: ಈಗಾಗಲೇ ಕರಡಾಗಿರುವ ಸುದ್ದಿಗೆ ಕಂಟ್ರೋಲ್ ಇಲ್ಲದ ಪುಟ್ ಬಂದರೆ ಹಳೆಯ ಸ್ಥಿತಿಯೇ ಮುಂದುವರಿಯಲಿ. ಪ್ರಕಟಣೆ ಆಗಬೇಕೆಂದರೆ ‘ನೋ’ ಎಂದು ಸ್ಪಷ್ಟವಾಗಿ ಬಂದಿರಬೇಕು, ಕಳಿಸಿದವರಿಗೆ ಪ್ರಕಟಿಸುವ ಅಧಿಕಾರ ಇರಬೇಕು. ಇದು ನಿಯಮ ಮುರಿದಂತಲ್ಲ. ಡ್ರಾಫ್ಟ್ ಕೋರಿಕೆಯನ್ನು ಕಡೆಗಣಿಸುವ ಅವಕಾಶ ಸರ್ವರ್‌ಗೆ ಇದ್ದೇ ಇದೆಯಲ್ಲ, ಅದನ್ನು ಸುರಕ್ಷತೆಯ ಕಡೆಗೆ ಬಳಸಿಕೊಳ್ಳಿ.

ಬೆಲೆಯನ್ನು ಓದುವುದರಲ್ಲೂ ಎಚ್ಚರ ಬೇಕು. ಎಕ್ಸ್‌ಎಮ್‌ಎಲ್ಲನ್ನು ಅಂದವಾಗಿ ಸಾಲು ಮುರಿದು ಬರೆಯುವ ಲೈಬ್ರರಿಗಳು ‘ಯೆಸ್’ ಸುತ್ತ ಸ್ಪೇಸ್, ಹೊಸ ಸಾಲು ಸೇರಿಸಿಬಿಡುತ್ತವೆ, ಟ್ರಿಮ್ ಮಾಡದೆ ಹೋಲಿಸಿದರೆ ಹೊಂದುವುದಿಲ್ಲ. ಆ್ಯಪ್‌ನ ಪರದೆಯನ್ನು ಕನ್ನಡಕ್ಕೆ ತಂದವರು ಪಟ್ಟಿಯಲ್ಲಿದ್ದ ಬೆಲೆಯನ್ನೂ ಕನ್ನಡಿಸಿ, ಡ್ರಾಫ್ಟ್ ಒಳಗೆ ‘ಹೌದು’ ಎಂದು ಕಳಿಸುವುದೂ ಆಗುವ ಸಂಗತಿಯೇ. ಪರದೆಯ ಮೇಲೆ ಹೌದು ಎಂದಿರಲಿ, ತಂತಿಯ ಮೇಲೆ ಇಂಗ್ಲಿಷ್ ಸಣ್ಣಕ್ಷರದ ‘ಯೆಸ್’ ಒಂದೇ ಹೋಗಬೇಕು. ಎರಡರಲ್ಲಿ ಒಂದೂ ಅಲ್ಲದ ಬೆಲೆ ಬಂದರೆ 400 ಉತ್ತರ ಕೊಟ್ಟು ತಿರಸ್ಕರಿಸಿ. ಊಹೆ ಮಾಡಿ ಪ್ರಕಟಿಸುವುದಂತೂ ಬೇಡ.

ಇಷ್ಟೆಲ್ಲ ಮಾಡಿದರೂ ನಾಳೆ ಇನ್ನಾರೋ ತಪ್ಪು ನೇಮ್‌ಸ್ಪೇಸ್ ಬರೆದರೆ? ಅದಕ್ಕೆ ಟ್ಯಾಗ್‌ಗಿಂತ ಗಟ್ಟಿಯಾದ ಉಪಾಯ ಕಲೆಕ್ಷನ್ (ಎಂಟ್ರಿಗಳು ಬಂದು ಸೇರುವ ವಿಳಾಸ) ಬೇರೆ ಮಾಡುವುದು. ಕಲೆಕ್ಷನ್‌ಗಳ ಪಟ್ಟಿ ಕೊಡುವ ಸರ್ವಿಸ್ ಡಾಕ್ಯುಮೆಂಟ್‌ನಲ್ಲಿ ವರದಿಗಾರರಿಗೆಂದು ಒಂದು ಕಲೆಕ್ಷನ್ ತೋರಿಸಿ, ಅಲ್ಲಿಗೆ ಬಂದದ್ದೆಲ್ಲ ಟ್ಯಾಗ್ ಏನೇ ಹೇಳಲಿ ಕರಡು. ವರದಿಗಾರರ ಲಾಗಿನ್‌ಗೆ ಬೇರೆ ಯಾವ ಕಲೆಕ್ಷನ್‌ಗೂ ಪೋಸ್ಟ್ ಮಾಡುವ ಅನುಮತಿ ಕೊಡಬೇಡಿ. ತಪ್ಪು ಟ್ಯಾಗ್ ಸದ್ದಿಲ್ಲದೆ ನುಂಗಿಹೋಗುತ್ತದೆ, ತಪ್ಪು ವಿಳಾಸಕ್ಕೆ 404 ಬರುತ್ತದೆ, ಅನುಮತಿ ಇಲ್ಲದ ವಿಳಾಸಕ್ಕೆ 403 ಬರುತ್ತದೆ. ತಪ್ಪು ಎದ್ದು ಕಾಣುವ ಕಡೆಯೇ ಮುಖ್ಯ ಸೂಚನೆ ಇರಲಿ. ಒಂದು ಜಾಗ್ರತೆ: ಪ್ರೋಟೋಕಾಲಿನಲ್ಲಿ ಒಂದು ಕಲೆಕ್ಷನ್‌ನಿಂದ ಇನ್ನೊಂದಕ್ಕೆ ಸರಿಸುವ ವಿಧಾನ ಇಲ್ಲ. ಡೆಸ್ಕಿನವರು ಕರಡನ್ನು ನಕಲು ಮಾಡಿ ಇನ್ನೊಂದು ಕಲೆಕ್ಷನ್‌ಗೆ ಪೋಸ್ಟ್ ಮಾಡಿದರೆ ಹೊಸ ಐಡಿ ಹುಟ್ಟಿ ಒಂದೇ ಸುದ್ದಿ ಎರಡಾಗುತ್ತದೆ. ಕಲೆಕ್ಷನ್ ಒಳಬರುವ ಬಾಗಿಲಾಗಿ ಮಾತ್ರ ಇರಲಿ. ಪ್ರಕಟಣೆ ಅದೇ ಎಡಿಟ್ ವಿಳಾಸಕ್ಕೆ ಡ್ರಾಫ್ಟ್ ‘ನೋ’ ಎಂಬ ಪುಟ್‌ನಿಂದಲೇ ಆಗಲಿ.

ಸ್ಥಿತಿಗೆಂದೇ ಪ್ರತ್ಯೇಕ ದಾಖಲೆ ಇಟ್ಟು ಎಂಟ್ರಿಯಿಂದ ಅದಕ್ಕೆ ಲಿಂಕ್ ಕೊಡುವ ದಾರಿಯೂ ಇದೆ. ಯಾರು ಒಪ್ಪಿದರು, ಯಾವಾಗ ಒಪ್ಪಿದರು, ಯಾರ ಬಳಿ ಬಾಕಿ ಎಂಬ ಉದ್ದನೆಯ ಇತಿಹಾಸ ಇರುವ ದೊಡ್ಡ ಡೆಸ್ಕ್‌ಗೆ ಅದು ಒಗ್ಗುತ್ತದೆ. ನಿಮ್ಮಷ್ಟು ಜನಕ್ಕೆ ಎರಡು ದಾಖಲೆಗಳನ್ನು ಜೊತೆಜೊತೆಗೆ ನಡೆಸುವುದೇ ಹೊರೆಯಾಗುತ್ತದೆ, ನಾನಾದರೆ ಈಗ ಅದರ ಗೊಡವೆಗೆ ಹೋಗುವುದಿಲ್ಲ.

ಐದು ಸೂಚನೆಗಳಲ್ಲಿ ಒಂದು ನಿಜವಾಗಿ ನಿಯಂತ್ರಣದ ಸೂಚನೆಯೇ ಅಲ್ಲ. ಜಿಲ್ಲೆಯ ಪುಟ ಯಾವುದು ಎನ್ನುವುದು ಓದುಗರಿಗೂ ನಿಮ್ಮ ಫೀಡ್ ತೆಗೆದುಕೊಳ್ಳುವ ಪಾಲುದಾರರಿಗೂ ಬೇಕಾದ ಮಾಹಿತಿ. ಅದು ಆ್ಯಟಮ್‌ನ ಕ್ಯಾಟಗರಿ ಟ್ಯಾಗ್‌ಗೆ ಹೋಗಲಿ, ಸ್ಕೀಮ್ ಆಗಿ ನಿಮ್ಮ ಡೊಮೈನ್‌ನ ಒಂದು ವಿಳಾಸ ಇರಲಿ, ಟರ್ಮ್‌ನಲ್ಲಿ ಬದಲಾಗದ ಸಂಕೇತ, ಲೇಬಲ್‌ನಲ್ಲಿ ‘ಬಾಗಲಕೋಟೆ’, ‘ಬೆಳಗಾವಿ’, ‘ವಿಜಯಪುರ’. ಹೆಸರನ್ನೇ ಸಂಕೇತ ಮಾಡಿಕೊಂಡಿದ್ದರೆ ಬಿಜಾಪುರ 2014ರಲ್ಲಿ ವಿಜಯಪುರ ಆದಾಗ ಎಷ್ಟು ಕಡೆ ತಿದ್ದಬೇಕಾಗುತ್ತಿತ್ತು ಯೋಚಿಸಿ. ಪ್ರತಿಕ್ರಿಯೆ ಬೇಡ ಎಂಬುದು ಪುಟ ತೋರಿಸುವ ನಿಮ್ಮ ವೆಬ್ ಸಾಫ್ಟ್‌ವೇರ್‌ಗೆ ಮಾತ್ರ ಸಂಬಂಧಿಸಿದ್ದು, ಮರೆತರೆ ಮುಳುಗುವುದೇನಿಲ್ಲ, ಕಂಟ್ರೋಲ್ ಒಳಗೆ ನಿಮ್ಮ ವಿಸ್ತರಣೆಯಾಗಿ ಇರಲಿ. ತುರ್ತು ಅಂಕೆಯೂ ಅಲ್ಲೇ. ಅಂಕೆಗೆ ಹೊಸ ಅಳತೆ ಕಟ್ಟಬೇಡಿ, ಸುದ್ದಿ ಸಂಸ್ಥೆಗಳ ಎನ್‌ಐಟಿಎಫ್ ಎಂಬ ಸುದ್ದಿ ಸ್ವರೂಪದಲ್ಲಿ 1ರಿಂದ 8ರವರೆಗೆ ಅಳತೆ ಇದೆ, 1 ಅತಿ ತುರ್ತು, 5 ಮಾಮೂಲಿ.

ಬೆಳಿಗ್ಗೆ 6ರ ತಡೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಬೆಳಗಾವಿ ಅಧಿವೇಶನದ ದಿನಗಳಲ್ಲಿ ಭಾಷಣದ ಪ್ರತಿ ಮುಂಚಿತವಾಗಿ ಕೈಗೆ ಬಂದಿರುತ್ತದೆ, ಓದುವ ಮೊದಲು ಹೊರಗೆ ಬಿಡಬಾರದು, ಅಂಥ ಸಂದರ್ಭಕ್ಕೆ ಇದು ಬೇಕೇ ಬೇಕು. ಆ್ಯಟಮ್‌ನಲ್ಲಿ ತಡೆಗೆಂದು ಟ್ಯಾಗ್ ಇಲ್ಲ. ಪಬ್ಲಿಷ್ಡ್ ಟ್ಯಾಗಿನಲ್ಲಿ ನಾಳೆಯ ದಿನಾಂಕ ಹಾಕಿದರೆ ತಾನೇ ತಡೆಯಾಗುತ್ತದೆ ಎಂಬ ನಂಬಿಕೆ ಇದೆ. ಕೆಲವು ಸಾಫ್ಟ್‌ವೇರ್ ಹಾಗೆ ಮಾಡುತ್ತವೆ ನಿಜ, ಪ್ರೋಟೋಕಾಲ್ ಹಾಗೆ ಹೇಳಿಲ್ಲ. ಕಂಟ್ರೋಲ್ ಒಳಗೆ ನಿಮ್ಮ ನೇಮ್‌ಸ್ಪೇಸ್‌ನ ‘ಇದಕ್ಕೂ ಮುಂಚೆ ಬೇಡ’ ಎಂಬ ಅರ್ಥದ ಟ್ಯಾಗ್ ಇಡಿ, ಅದರ ಜೊತೆ ಡ್ರಾಫ್ಟ್ ‘ಯೆಸ್’ ಕಡ್ಡಾಯವಾಗಿ ಇರಲಿ. ನಿಮ್ಮ ಟ್ಯಾಗ್ ಅರ್ಥವಾಗದ ಸರ್ವರ್‌ಗೆ ಅದು ಬರೀ ಕರಡಾಗಿ ಕಾಣುತ್ತದೆ, ಕರಡಾಗೇ ಉಳಿಯುತ್ತದೆ. 6 ಗಂಟೆ ಆದಾಗ ನಿಮ್ಮ ಸರ್ವರ್ ತಾನೇ ಕರಡು ಸ್ಥಿತಿಯನ್ನು ತೆಗೆಯಲಿ.

ಸಮಯ ಬರೆಯುವಾಗ ಆಗುವ ತಪ್ಪು ಯಾವಾಗಲೂ ಒಂದೇ. 06:00 ಎಂದು ಬರೆದು ಕೊನೆಗೆ ಝಡ್ ಅಕ್ಷರ ಹಾಕುತ್ತಾರೆ. ಝಡ್ ಎಂದರೆ ವಿಶ್ವಕಾಲ, ನಮ್ಮ ಗಡಿಯಾರದಲ್ಲಿ ಅದು 11:30. ಬೆಳಗಿನ ಸುದ್ದಿ ಊಟದ ಹೊತ್ತಿಗೆ ಬರುತ್ತದೆ. 06:00 ಜೊತೆ +05:30 ಎಂದು ಬರೆಯಿರಿ, ಅಥವಾ 00:30 ಜೊತೆ ಝಡ್.

ತಡೆ ತೆಗೆಯುವ ಹೊತ್ತಿನಲ್ಲಿ ಅಪ್‌ಡೇಟೆಡ್ ಟ್ಯಾಗನ್ನು ಮರೆಯಬೇಡಿ. ವರದಿಗಾರ ರಾತ್ರಿ 9ಕ್ಕೆ ಬರೆದಿದ್ದಾನೆ, ಅಪ್‌ಡೇಟೆಡ್‌ನಲ್ಲಿ 9 ಗಂಟೆಯೇ ಇದೆ. ಬೆಳಿಗ್ಗೆ 6ಕ್ಕೆ ಸುದ್ದಿ ಫೀಡಿಗೆ ಬಂತು. ಪಾಲುದಾರರ ಸಾಫ್ಟ್‌ವೇರ್ ರಾತ್ರಿ 12ರವರೆಗಿನ ಸುದ್ದಿ ಓದಿಯಾಗಿದೆ, ಅದಕ್ಕಿಂತ ಹೊಸದನ್ನು ಮಾತ್ರ ಕೊಡು ಎನ್ನುತ್ತದೆ. 9 ಗಂಟೆಯ ಸುದ್ದಿ ಅದಕ್ಕೆ ಹಳತು, ಅದು ಎಂದೂ ಅವರನ್ನು ತಲುಪುವುದಿಲ್ಲ. ಹಾಗಾಗಿ ಬಿಡುಗಡೆಯ ಕ್ಷಣವನ್ನು ಪಬ್ಲಿಷ್ಡ್ ಮತ್ತು ಅಪ್‌ಡೇಟೆಡ್ ಎರಡಕ್ಕೂ ಸರ್ವರ್ ಬರೆಯಬೇಕು. ಪ್ರೋಟೋಕಾಲಿನ ಎಡಿಟೆಡ್ ಟ್ಯಾಗ್ ಬೇರೆ: ಅದು ಯಾವ ಸಣ್ಣ ತಿದ್ದುಪಡಿಗೂ ಬದಲಾಗುತ್ತದೆ, ಡೆಸ್ಕಿನ ಕಲೆಕ್ಷನ್ ಪಟ್ಟಿ ಅದರ ಕ್ರಮದಲ್ಲೇ, ಇತ್ತೀಚಿನದು ಮೇಲೆ ಬರುವಂತೆ, ಇರಬೇಕು. ಆಲಮಟ್ಟಿಯ ಹೊರಹರಿವು ಏರಿದಾಗ ಅಂಕಿ ತಿದ್ದಿದರೆ ಅಪ್‌ಡೇಟೆಡ್ ಬದಲಿಸಿ, ನದಿ ದಂಡೆಯ ಊರಿನವರಿಗೆ ಅದು ಹೊಸ ಸುದ್ದಿ. ಅದೇ ಸುದ್ದಿಯಲ್ಲಿ ಅಲ್ಪವಿರಾಮ ತಿದ್ದಿದರೆ ಎಡಿಟೆಡ್ ಮಾತ್ರ ಬದಲಾದರೆ ಸಾಕು. ಒಂದೇ ಸುದ್ದಿಯನ್ನು ಇಬ್ಬರು ತಿದ್ದುವಾಗ ಒಬ್ಬರದು ಅಳಿಯದಂತೆ ಗೆಟ್‌ನಲ್ಲಿ ಬಂದ ಈಟ್ಯಾಗ್ (ಆ ಪ್ರತಿಯ ಗುರುತು) ಅನ್ನು ಪುಟ್‌ನ ಇಫ್-ಮ್ಯಾಚ್ ಹೆಡರ್‌ನಲ್ಲಿ ವಾಪಸ್ ಕಳಿಸಿ. ನಡುವೆ ಸುದ್ದಿ ಬದಲಾಗಿದ್ದರೆ 412 ಎಂಬ ನಿರಾಕರಣೆ ಬರುತ್ತದೆ.

ಪಾಲುದಾರರಿಗೆ ಹೋಗುವ ಫೀಡ್ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಡೆಸ್ಕಿನ ಕಲೆಕ್ಷನ್ ಫೀಡ್ ಬೇರೆ, ಹೊರಗಿನ ಫೀಡ್ ಬೇರೆ. ಮೊದಲನೆಯದು ಲಾಗಿನ್ ಹಿಂದೆ ಇರಲಿ, ಕ್ಯಾಶ್ ಆಗದಿರಲಿ. ಎರಡನೆಯದನ್ನು ಹುಟ್ಟಿಸುವಾಗ ಕಂಟ್ರೋಲ್ ಟ್ಯಾಗನ್ನು ಪೂರ್ತಿ ಕಿತ್ತುಹಾಕಿ. ತಡೆ ಇರುವ ಸುದ್ದಿಯನ್ನು ಮುಂಚೆಯೇ ಕಳಿಸಿ, ಅವರು ತಡೆಯುತ್ತಾರೆಂದು ನಂಬುವುದಕ್ಕಿಂತ 6 ಗಂಟೆವರೆಗೆ ಕಳಿಸದೇ ಇರುವುದು ಲೇಸು. ಮುದ್ರಣದ ಸಿದ್ಧತೆಗೆ ಅವರಿಗೆ ಮುಂಚಿತವಾಗಿ ಬೇಕೇ ಬೇಕೆಂದರೆ ಸುದ್ದಿ ಸಂಸ್ಥೆಗಳ ಒಕ್ಕೂಟ ಐಪಿಟಿಸಿ ರೂಪಿಸಿದ ನ್ಯೂಸ್‌ಎಮ್‌ಎಲ್-ಜಿ2 ನೋಡಿ. ಅದರಲ್ಲಿ ಸುದ್ದಿಯ ವಿಷಯದ ವಿವರ ಒಂದು ಗೂಡಿನಲ್ಲಿ, ಸ್ಥಿತಿ ಮತ್ತು ತಡೆಯ ಸಮಯ ಇನ್ನೊಂದು ಗೂಡಿನಲ್ಲಿ, ರವಾನೆಯ ಸಮಯ, ಕಳಿಸಿದವರು, ಆದ್ಯತೆ ಇವೆಲ್ಲ ಹೊರಗಿನ ಸಂದೇಶದ ಹೆಡರ್‌ನಲ್ಲಿ ಇವೆ. ಬಳಸಬಹುದು, ತಡೆಹಿಡಿದಿದೆ, ರದ್ದು ಎಂಬ ಮೂರು ಸ್ಥಿತಿಗಳಿಗೂ ನಿಗದಿಯಾದ ಸಂಕೇತಗಳಿವೆ. ನಿಮ್ಮಂಥ ಸಣ್ಣ ತಂಡಕ್ಕೆ ಅದು ಭಾರ, ಆದರೆ ಯಾವುದನ್ನು ಯಾವ ಗೂಡಿನಲ್ಲಿ ಇಟ್ಟಿದ್ದಾರೆ ಎಂದು ನೋಡಲು ಒಳ್ಳೆಯ ಪಾಠ.

ಪ್ರಕಟವಾದ ಸುದ್ದಿಯನ್ನು ವಾಪಸ್ ಪಡೆಯುವ ಸೂಚನೆ ನಿಮ್ಮ ಪಟ್ಟಿಯಲ್ಲಿ ಇಲ್ಲ, ಬೇಗನೆ ಬೇಕಾಗುತ್ತದೆ. ಎಂಟ್ರಿಯನ್ನು ಅಳಿಸಿದರೆ ಅದು ಫೀಡಿನಿಂದ ಮಾಯವಾಗುತ್ತದೆ ಅಷ್ಟೆ. ಅಳಿಸಿದ್ದರಿಂದ ಹೋಯಿತೋ, ಹಳತಾಗಿ ಕೆಳಗೆ ಜಾರಿತೋ ಎಂದು ಪಾಲುದಾರರಿಗೆ ತಿಳಿಯುವುದಿಲ್ಲ. 2012ರ ಆರ್‌ಎಫ್‌ಸಿ 6721 ಇದಕ್ಕೆಂದೇ ಇದೆ. ಅಳಿದ ಎಂಟ್ರಿಯ ಐಡಿ ಮತ್ತು ಅಳಿಸಿದ ಸಮಯ ಹೊತ್ತ ಒಂದು ಟ್ಯಾಗ್ ಫೀಡಿನ ನೇರ ಮಗುವಾಗಿ ಕೂರುತ್ತದೆ. ಎಂಟ್ರಿಯೇ ಇಲ್ಲದ ಮೇಲೆ ಸೂಚನೆ ಎಂಟ್ರಿಯೊಳಗೆ ಇರಲು ಸಾಧ್ಯವಿಲ್ಲವಲ್ಲ! ಇದೂ ಪರಕೀಯ ಟ್ಯಾಗೇ ಆದ್ದರಿಂದ ಪಾಲುದಾರರ ಸಾಫ್ಟ್‌ವೇರ್ ಇದನ್ನು ಓದುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಬದಲಾವಣೆ ಮುಗಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಕರ್ಲ್ ಎಂಬ ಕಮಾಂಡ್ ಸಾಧನದಿಂದ ಡ್ರಾಫ್ಟ್ ‘ಯೆಸ್’ ಇರುವ ಎಂಟ್ರಿ ಪೋಸ್ಟ್ ಮಾಡಿ. 201 ಬಂದರೆ ಸಾಲದು, ಉತ್ತರದಲ್ಲಿ ವಾಪಸ್ ಬಂದ ಎಂಟ್ರಿಯೊಳಗೆ ಡ್ರಾಫ್ಟ್ ‘ಯೆಸ್’ ಹಾಗೇ ಇದೆಯೇ ನೋಡಿ. ಆ್ಯಪ್ ಕೂಡ ಇದನ್ನೇ ನೋಡಿ, ಇಲ್ಲದಿದ್ದರೆ ವರದಿಗಾರನಿಗೆ ಕೆಂಪು ಎಚ್ಚರಿಕೆ ತೋರಿಸಬೇಕು. ಆಮೇಲೆ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ಹೊರಗಿನ ಫೀಡ್, ಸುದ್ದಿಯ ವಿಳಾಸ, ಫೋಟೋದ ವಿಳಾಸ ಮೂರನ್ನೂ ತೆರೆಯಿರಿ. ಫೋಟೋ ಸಾಮಾನ್ಯವಾಗಿ ಬೇರೆ ಫೋಲ್ಡರಿನಿಂದ, ಬೇರೆ ಅನುಮತಿಯಲ್ಲಿ ಹೋಗುವುದರಿಂದ ಅದನ್ನೇ ಜನ ಮರೆಯುತ್ತಾರೆ. ಮೂರನೆಯದಾಗಿ ಹಳೆಯ ನೇಮ್‌ಸ್ಪೇಸ್, ‘ಹೌದು’ ಎಂಬ ಬೆಲೆ, ಕಂಟ್ರೋಲ್ ಇಲ್ಲದ ಪುಟ್ ಈ ಮೂರನ್ನೂ ಬೇಕೆಂದೇ ಕಳಿಸಿ. ಒಂದರಲ್ಲಾದರೂ ಸುದ್ದಿ ಹೊರಗೆ ಕಂಡರೆ ಕೆಲಸ ಮುಗಿದಿಲ್ಲ.

ಕೆಲಸದ ಕ್ರಮ ಕೂಡ ಮುಖ್ಯ. ಮೊದಲು ಸರ್ವರ್: ವರದಿಗಾರರ ಕಲೆಕ್ಷನ್, ಚಿತ್ರಗಳ ಅನುಮತಿ, ಕಂಟ್ರೋಲ್ ಇಲ್ಲದ ಪುಟ್‌ನ ನಿಯಮ. ಆಮೇಲೆ ಹೊರಗಿನ ಫೀಡಿನಿಂದ ಕಂಟ್ರೋಲ್ ಕೀಳುವುದು. ಆ್ಯಪ್‌ನ ಹೊಸ ಆವೃತ್ತಿ ಕೊನೆಗೆ ಬರಲಿ. ಹೊಸ ಆವೃತ್ತಿ ಬಿಟ್ಟ ಮೇಲೂ ಹಳೆಯದನ್ನೇ ಫೋನಿನಲ್ಲಿ ಇಟ್ಟುಕೊಂಡ ವರದಿಗಾರರು ತಿಂಗಳುಗಟ್ಟಲೆ ಇದ್ದೇ ಇರುತ್ತಾರೆ, ಆದ್ದರಿಂದ ಹಳೆಯ ನೇಮ್‌ಸ್ಪೇಸಿನ ಡ್ರಾಫ್ಟ್ ಟ್ಯಾಗನ್ನೂ ಸರ್ವರ್ ಕರಡೆಂದೇ ಓದಲಿ. ಅಂಥ ಎಂಟ್ರಿ ಬಂದಾಗಲೆಲ್ಲ ಯಾವ ಲಾಗಿನ್‌ನಿಂದ ಬಂತು ಎಂದು ಲಾಗ್‌ನಲ್ಲಿ ಬರೆದುಕೊಳ್ಳಲಿ, ಯಾರ ಫೋನಿನಲ್ಲಿ ಆ್ಯಪ್ ಬದಲಿಸಬೇಕು ಎಂಬ ಪಟ್ಟಿ ನಿಮಗೆ ಅಲ್ಲೇ ಸಿಗುತ್ತದೆ.